ಬುಟ್ಟಿಯೊಳಗಿನ ಲಂಗರಿನ ಹಗ್ಗ

ಹಿಂದಿನ ಪಡಸಾಲೆಯಲ್ಲಿ ಕೂತು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದೆ. ದಸರೆ ಮುಗಿದು ಮನೆಯಲ್ಲಿ ಮತ್ತೆ ದಿನದ ಅಡುಗೆ ಶುರುವಾಗಿತ್ತು. ಅವತ್ತು ಗಾಳಿ ಜೋರಿತ್ತು. ಮೊರದೊಳಗಿನ ಹೊಟ್ಟು ತಾನೇ ಹಾರಿ ಹೋಗುತ್ತಿತ್ತು. ಕೇರುವ ಕೆಲಸ ಅಷ್ಟು ಹಗುರವಾಯಿತಲ್ಲ ಎಂದು ವಿಠಲನನ್ನು ನೆನೆದಿದ್ದೆ. ಅದೇ ಗಾಳಿ ನೀರಿನ ಮೇಲೆ ಏನು ಮಾಡುತ್ತಿದೆ ಎಂದು ಮನೆಯೊಳಗೆ ಕೂತವಳಿಗೆ ಹೇಗೆ ಗೊತ್ತಾಗಬೇಕು?

ಪಕ್ಕದ ಮನೆಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದಳು. ಅವಳ ಗಂಡ ನಮ್ಮವರ ದೋಣಿಯಲ್ಲೇ ಖಲಾಸಿ, ಅಂದರೆ ಲಂಗರು ಇಳಿಸಿ ಎತ್ತುವ ಕೆಲಸದವನು. ಮರಾಠಿ ಜನ. ಅವಳು ಆಡಿದ್ದೆಲ್ಲ ಮರಾಠಿಯಲ್ಲಿ. ವಹಿನಿ, ಅಂದರೆ ಅತ್ತಿಗೆ, ಎಂಬ ಮಾತೊಂದನ್ನು ಬಿಟ್ಟು ಉಳಿದದ್ದನ್ನು ನಾನು ನನ್ನ ಭಾಷೆಯಲ್ಲಿ ಬರೆಯುತ್ತೇನೆ.

"ವಹಿನಿ, ಗಾಳಿಗೆ ದೋಣಿ ಬಂಡೆಗೆ ಬಡೀತು! ತಳ ಒಡೆದು ಹೋಗ್ಯದ!"

"ಜನ?" ಎಂದೆ. ಮೊರ ಕೈಯಿಂದ ಜಾರಿತ್ತು.

"ಎಲ್ಲಾರೂ ದಂಡಿಗೆ ಬಂದಾರ. ದೇವರು ಕಾಯ್ದ. ಲಂಗರಿನ ಹಗ್ಗ ಗಂಟು ಬಿತ್ತಂತ, ಲಂಗರು ನೆಲಾನೇ ಮುಟ್ಟಲಿಲ್ಲಂತ." ಇಷ್ಟು ಹೇಳಿ ಉಸಿರು ತಗೊಂಡಳು. ಆಮೇಲೆ ನನ್ನ ಮುಖ ನೋಡಿ, "ಹಗ್ಗ ನಿಮ್ಮ ಮನ್ಯಾಗೇ ಇರ್ತದಲ್ಲ, ವಹಿನಿ," ಎಂದಳು.

ಆ ಕೊನೆಯ ಮಾತು ನನಗೆ ಅಲ್ಲೇ ಚುಚ್ಚಿತು. ಗಂಡ ನೀರಿನಿಂದ ಎದ್ದು ಬಂದಿದ್ದಾನೆ ಎಂಬ ಸಮಾಚಾರದ ಜೊತೆಗೆ ಅದನ್ನು ಯಾಕೆ ಹೇಳಬೇಕಿತ್ತು ಇವಳು?

ನಾವು ಆಗ ನಾಸಿಕದ ಆಚೆ, ಗೋದಾವರಿಯ ಅಣೆಕಟ್ಟಿನ ಕಾಲೊನಿಯಲ್ಲಿ ಇದ್ದೆವು. ಅರವತ್ತರ ದಶಕದ ಕೊನೆಯ ಮಾತು. ನಮ್ಮವರ ಊರು ಕೃಷ್ಣಾ ದಂಡೆಯ ಒಂದು ಹಳ್ಳಿ, ನೀರು ದೋಣಿ ಅವರಿಗೆ ಹೊಸದಲ್ಲ. ಇಲ್ಲಿ ಸರಕಾರದ ಮೋಟಾರ್ ದೋಣಿ ನಡೆಸುತ್ತಿದ್ದರು. ಹಿನ್ನೀರಿನಲ್ಲಿ ಎಲ್ಲೆಲ್ಲಿ ಎಷ್ಟು ಹೂಳು ತುಂಬಿದೆ ಎಂದು ಸಾಹೇಬರು ಅಳೆಯಬೇಕು. ಅಳೆಯುವಷ್ಟು ಹೊತ್ತು ದೋಣಿ ಒಂದೇ ಜಾಗದಲ್ಲಿ ನಿಲ್ಲಬೇಕು. ಅದಕ್ಕೆ ಲಂಗರು, ಲಂಗರಿಗೆ ಉದ್ದನೆಯ ನಾರಿನ ಹಗ್ಗ. ದಂಡೆಯ ಶೆಡ್ಡಿನಲ್ಲಿ ಇಲಿ ಕಡಿಯುತ್ತವೆ, ತೇವಕ್ಕೆ ನಾರು ಕೊಳೆಯುತ್ತದೆ ಎಂದು ನಮ್ಮವರು ಆ ಹಗ್ಗವನ್ನು ಮನೆಗೇ ತರುತ್ತಿದ್ದರು. ಒಣಗಿಸಿ ಇಡುವುದು ನನ್ನ ಪಾಲಿನ ಕೆಲಸವಾಗಿತ್ತು.

ಹಗ್ಗ ಇಡುವುದರಲ್ಲಿ ಏನು ದೊಡ್ಡ ವಿದ್ಯೆ ಅನ್ನಬೇಡಿ. ಹೊಸದಾಗಿ ಬಂದಾಗ ನಾನೂ ಅದನ್ನು ಬಾವಿಯ ಹಗ್ಗದ ಹಾಗೆ ಅಂಗೈಗೂ ಮೊಣಕೈಗೂ ಸುತ್ತಿ ಗೂಟಕ್ಕೆ ಹಾಕಲು ಹೋಗಿದ್ದೆ. ಇವರು ತಡೆದರು. ಸುತ್ತಿದರೆ ಒಂದೊಂದು ಸುತ್ತಿಗೂ ಹಗ್ಗ ಒಂದೊಂದು ಸಲ ತಿರುಚಿಕೊಳ್ಳುತ್ತದೆ. ಲಂಗರಿನ ಭಾರಕ್ಕೆ ಸರ್ರನೆ ಓಡುವಾಗ ಆ ಸುತ್ತುಗಳು ಒಂದರೊಳಗೊಂದು ತೊಡರಿ ಮುದ್ದೆಯಾಗುತ್ತವೆ. ಅದಕ್ಕೇ ಸುತ್ತಲೇಬಾರದು. ಅಗಲ ಬಾಯಿಯ ಬಿದಿರಿನ ಬುಟ್ಟಿ ತಗೊಂಡು, ಹಗ್ಗದ ಒಂದು ತುದಿಯನ್ನು ತಳದ ಸಂದಿಯಿಂದ ಹೊರಗೆ ತೆಗೆದು ಬುಟ್ಟಿಯ ಹಿಡಿಕೆಗೆ ಕಟ್ಟಬೇಕು. ಉಳಿದದ್ದನ್ನು ಕೈಯಿಂದ ಕೈಗೆ ಜಾರಿಸುತ್ತಾ ಬುಟ್ಟಿಯೊಳಗೆ ಬಿದ್ದ ಹಾಗೆ ಬೀಳಲು ಬಿಡಬೇಕು. ಲಂಗರಿಗೆ ಕಟ್ಟುವ ತುದಿ ಎಲ್ಲದಕ್ಕೂ ಮೇಲೆ ಉಳಿಯುತ್ತದೆ. ನೋಡಲು ಶಾವಿಗೆ ಸುರುವಿದ ಹಾಗೆ ಗಲೀಜು ಕಾಣುತ್ತದೆ. ಆದರೆ ಕೊನೆಗೆ ಬಿದ್ದದ್ದು ಮೊದಲು ಹೊರಡುತ್ತದೆ, ಅದರ ಬೆನ್ನಿಗೆ ಅದರ ಕೆಳಗಿನದು. ಎಲ್ಲೂ ತಡೆಯುವುದಿಲ್ಲ.

ನಾನು ಒಂದೊಂದು ಮೊಳ ಬಿಡುವಾಗಲೂ ಒಂದೊಂದು ಸಲ ವಿಠಲ ಎನ್ನುತ್ತಿದ್ದೆ. ಜಪಕ್ಕೆ ಬೇರೆ ಹೊತ್ತು ಸಿಗದ ನನ್ನಂಥವಳಿಗೆ ಸರಕಾರದ ಹಗ್ಗದಿಂದ ಅಷ್ಟು ಪುಣ್ಯ ಬರುತ್ತಿತ್ತು.

ಆ ಸಂಜೆ ಇವರು ಒದ್ದೆ ಬಟ್ಟೆಯಲ್ಲೇ ಬಂದರು. ಕಾಲಿನಲ್ಲಿ ಒಂದು ತರಚು ಗಾಯ, ಅಷ್ಟೇ. ಹಿಂದೆ ಖಲಾಸಿ ಹಗ್ಗದ ಮುದ್ದೆಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಅಂಗಳದಲ್ಲಿ ಇಳಿಸಿ ಹೋದ. ಇವರು ಬಿಸಿನೀರು ಸುರಿದುಕೊಂಡು ಬಂದು ಕೂತ ಮೇಲೆ ಕೇಳಿದೆ.

"ಏನಂದ್ರು ಸಾಹೇಬ್ರು?"

"ನಾಸಿಕದಿಂದ ದೊಡ್ಡ ಸಾಹೇಬ್ರು ಬರ್ತಾರಂತ. ಅವರು ಬಂದು ಚೌಕಶಿ ಮಾಡೂತನಕ ನಾ ದೋಣಿ ಮುಟ್ಟಂಗಿಲ್ಲ."

"ಆಮ್ಯಾಲ?"

"ತಪ್ಪು ನಂದು ಅಂತಾದ್ರ ದೋಣಿ ತಗೀತಾರ. ದೋಣಿ ಹೋದ್ರ ಕ್ವಾರ್ಟರ್ಸೂ ಹೋತು."

ಅಷ್ಟು ಹೇಳಿ ಬುಟ್ಟಿಯ ಕಡೆ ನೋಡಿದರು. "ಹಗ್ಗ ತುಂಬಿದ್ದು ಯಾರು?" ಎಂದು ಕೇಳಬಹುದಿತ್ತು. ಕೇಳಲಿಲ್ಲ. ಊಟ ಮಾಡಿ ಕೈ ತೊಳೆದು ಗೋಡೆಯ ಕಡೆ ತಿರುಗಿ ಮಲಗಿದರು. ನನ್ನ ಮೇಲೇ ಅನುಮಾನ ಬಂದಿದೆ ಇವರಿಗೆ, ಬಾಯಿ ಬಿಟ್ಟು ಹೇಳುತ್ತಿಲ್ಲ, ಎಂದುಕೊಂಡೆ.

ನಾನು ತುಂಬಿಟ್ಟ ಹಗ್ಗ ಹಾಗೆ ಗಂಟು ಬೀಳುವುದು ಸಾಧ್ಯವೇ ಇರಲಿಲ್ಲ. ದಸರೆಗೆ ಮೊದಲು ಒಣಗಿಸಿ, ನನ್ನ ಕೈಯಾರೆ ತುಂಬಿ, ಮೇಲೆ ಗೋಣಿಚೀಲ ಮುಚ್ಚಿ ಹಿಂದಿನ ಪಡಸಾಲೆಯಲ್ಲಿ ಇಟ್ಟಿದ್ದೆ. ಆಮೇಲೆ ಹಬ್ಬದ ದಿನಗಳಲ್ಲೇ ನಾನು ಹೊರಗೆ ಕೂರಬೇಕಾಯಿತು. ತಿಂಗಳ ಲೆಕ್ಕ ಹಬ್ಬ ನೋಡಿ ಬರುವುದಿಲ್ಲವಲ್ಲ. ಪುಣ್ಯಕ್ಕೆ ಔರಂಗಾಬಾದಿನಿಂದ ಇವರ ಅಕ್ಕ ಹಬ್ಬಕ್ಕೆಂದು ಬಂದಿದ್ದರು. ದೇವರ ಮನೆ, ಅಡುಗೆ ಮನೆ ಎರಡನ್ನೂ ಅವರೇ ನೋಡಿಕೊಂಡು, ಹಬ್ಬ ಮುಗಿದ ಮೇಲೆ ತಮ್ಮ ಮನೆಗೆ ಹೋದರು. ನಾನು ಮುಂದಿನ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದೆ. ಹಿಂದಿನ ಪಡಸಾಲೆಯ ಕಡೆ ತಲೆ ಹಾಕಿರಲಿಲ್ಲ. ಹಿತ್ತಲ ಬಾಗಿಲು ಇಡೀ ದಿನ ತೆರೆದೇ ಇರುತ್ತಿತ್ತು.

ಹಾಗಾದರೆ ಆ ಬಾಗಿಲಿನಿಂದ ಬಂದವರು ಯಾರು? ಯೋಚಿಸಿದಷ್ಟೂ ನನ್ನ ಕಣ್ಣು ಪಕ್ಕದ ಮನೆಯ ಕಡೆಗೇ ಹೋಗುತ್ತಿತ್ತು. ಬನ್ನಿ ಕೊಡುವ ನೆವದಲ್ಲಿ ಅವಳು ಬಂದಿದ್ದಳು. ಬುಟ್ಟಿ ಹೊತ್ತು ಒಯ್ದವನು ಅವಳ ಗಂಡ. ಎಷ್ಟೋ ವರ್ಷದಿಂದ ಅವನು ಖಲಾಸಿಯಾಗಿಯೇ ಉಳಿದಿದ್ದ. ಇವರು ದೋಣಿ ಬಿಟ್ಟರೆ ಚುಕ್ಕಾಣಿ ಅವನ ಕೈಗೆ. ಹಿಂದೊಮ್ಮೆ ಅವಳೇ ಅಂದಿದ್ದಳು, "ನಿಮ್ಮವರಿಗೇನು ವಹಿನಿ, ಕೂತು ನಡೆಸೋದು. ಎಳೆಯೋದು ನಮ್ಮವರು." ಆಗ ನಗುತ್ತಾ ಅಂದ ಮಾತು ಈಗ ನನ್ನ ಕಿವಿಯಲ್ಲಿ ಬೇರೆ ಥರ ಕೇಳತೊಡಗಿತು.

ಹಿತ್ತಲ ಬಾಗಿಲಿಗೆ ಚಿಲಕದ ಮೇಲೆ ಬೀಗ ಹಾಕಲು ಶುರು ಮಾಡಿದೆ. ಒಣ ಹಾಕಿದ ಬಟ್ಟೆಗಳನ್ನು ಎಣಿಸಿ ತೆಗೆಯತೊಡಗಿದೆ. ಅವಳು ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದರೆ, ನಮ್ಮದೇ ಹಾಲು ಒಡೆಯಿತು ಅಂದೆ. ಎರಡನೇ ಸಲವೂ ಅದೇ ಅಂದಾಗ ಅವಳು ಖಾಲಿ ಬಟ್ಟಲು ಹಿಡಿದು ಹೋದಳು. ಮಾರನೆ ದಿನ ನಲ್ಲಿಯ ಹತ್ತಿರ ಎಲ್ಲ ಹೆಂಗಸರ ಎದುರಿಗೆ ಹೇಳಿದಳು:

"ಏನ್ ವಹಿನಿ, ನಿಮ್ಮ ಮನೆಯ ಹಾಲು ದಿನಾ ಒಡೀತದೇನು? ಇಲ್ಲಾ ನಮ್ಮ ಬಟ್ಟಲು ನೋಡಿದ್ರ ಒಡೀತದೋ?"

"ಕಾಲ ಕೆಟ್ಟದ," ಎಂದೆ.

"ಹೌದು ಬಿಡ್ರಿ. ಹಗ್ಗಾನ ಹೆಪ್ಪಿನ ಜೊತಿ ನಾವೇ ತಿಂದೇವಿ ಅಂತ ಹೇಳಿಬಿಡ್ರಿ, ಎಲ್ಲಾರಿಗೂ ಸಮಾಧಾನ ಆಗ್ತದ."

ಹೆಂಗಸರು ನಕ್ಕರು. ನನಗೆ ಇನ್ನಷ್ಟು ಖಾತ್ರಿಯಾಯಿತು. ಇಲ್ಲದಿದ್ದರೆ ನಾನು ಬಾಯಿ ಬಿಡುವ ಮೊದಲೇ ಹಗ್ಗದ ಮಾತು ಅವಳ ಬಾಯಿಗೆ ಯಾಕೆ ಬರಬೇಕು?

ದೊಡ್ಡ ಸಾಹೇಬರು ಬರುವವರೆಗೆ ಹಗ್ಗ ಹಾಳಾಗದಂತೆ ನೋಡಿಕೊಳ್ಳಬೇಕು ಎಂದು, ಅವತ್ತು ದೋಣಿಯಲ್ಲಿದ್ದ ಚಿಕ್ಕ ಸಾಹೇಬರು ಹೇಳಿ ಕಳಿಸಿದ್ದರು. ಒದ್ದೆ ಮುದ್ದೆ ಹಾಗೇ ಇದ್ದರೆ ಕೊಳೆಯುತ್ತದೆ. ಹಾಗಾಗಿ ಒಂದು ಮಧ್ಯಾಹ್ನ ಅದನ್ನು ಬಿಡಿಸಲು ಕೂತೆ. ಉಗುರು ನೋಯುವಷ್ಟು ಬಿಗಿದಿತ್ತು. ಒಂದು ಕುಣಿಕೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಬಿಡಿಸುತ್ತಾ ಹೋದ ಹಾಗೆ ಹಗ್ಗದ ಮೇಲೆ ಒಂದು ಕಡೆ ಹಳದಿ ಕಲೆ ಕಂಡಿತು. ಅದರ ನಡುವೆ ಕೆಂಪು. ತುಕ್ಕು ಇರಬಹುದು ಎಂದುಕೊಂಡೆ. ಇನ್ನಷ್ಟು ಬಿಡಿಸಿದಾಗ ಮತ್ತೊಂದು. ಮತ್ತೂ ಒಂದು. ಮೂಸಿ ನೋಡಿದೆ. ಹಿನ್ನೀರಿನ ವಾಸನೆಯ ಕೆಳಗೆ ಅರಿಸಿನದ ವಾಸನೆ ಇನ್ನೂ ಉಳಿದಿತ್ತು.

ಅರಿಸಿನ, ಕುಂಕುಮ, ಹಗ್ಗ, ಗಂಟು. ಮಾಟ ಮಾಡಿಸಿದ್ದಾಳೆ! ಇದಕ್ಕಿಂತ ಬೇರೆ ಏನೂ ತಲೆಗೆ ಬರಲಿಲ್ಲ. ದೇವರ ಮುಂದಿನ ತೀರ್ಥ ತಂದು ಅಂಗಳಕ್ಕೆಲ್ಲ ಚಿಮುಕಿಸಿದೆ. ಇವರನ್ನು ಕರೆದೆ.

"ನೋಡ್ರಿ ಇಲ್ಲಿ, ಏನು ಮಾಡಿಸ್ಯಾಳ ಆಕಿ!"

ಇವರು ಹೊಸಲಿನ ಮೇಲೆ ನಿಂತು ನೋಡಿದರು. ಹತ್ತಿರ ಬರಲಿಲ್ಲ. "ಬಿಡು ಅದನ್ನ," ಎಂದರು.

"ಬಿಡೂದೇನು? ಸಾಹೇಬ್ರಿಗೆ ತೋರಸ್ರಿ!"

"ಬಿಡು ಅಂದ್ನೆಲ್ಲ," ಎಂದು ಒಳಗೆ ಹೋದರು.

ಮಾಟದ ಹೆಸರು ಕೇಳಿ ಗಂಡಸು ಹೆದರಿ ಒಳಗೆ ಹೋದದ್ದಲ್ಲ ಅದು. ಇವರು ಹೆದರುವ ಪೈಕಿ ಅಲ್ಲ. ಅವರು ಹೋದ ರೀತಿ ನೋಡಿ ನನ್ನ ಅನುಮಾನ ಮೊದಲ ಸಲ ಬೇಲಿ ದಾಟದೆ ಮನೆಯ ಕಡೆಗೇ ತಿರುಗಿತು.

ಹಗ್ಗ ಪೂರ್ತಿ ಬಿಡಿಸಿದೆ. ಕಲೆಗಳೆಲ್ಲ ಹೆಚ್ಚುಕಡಿಮೆ ಸಮ ಅಂತರದಲ್ಲಿ ಇದ್ದವು. ನೆಲದ ಮೇಲೆ ಹಗ್ಗವನ್ನು ದುಂಡಗೆ, ಒಂದರ ಮೇಲೊಂದು ಸುತ್ತು ಇಟ್ಟು ನೋಡಿದೆ, ಕೊಡ ಇಡುವ ಸಿಂಬಿಯ ಹಾಗೆ. ಸುತ್ತು ಸ್ವಲ್ಪ ದೊಡ್ಡದು ಮಾಡಿದೆ, ಸ್ವಲ್ಪ ಸಣ್ಣದು ಮಾಡಿದೆ. ಒಂದು ಅಳತೆಗೆ ಬಂದಾಗ ಕಲೆಗಳೆಲ್ಲ ಒಂದೇ ಸಾಲಿನಲ್ಲಿ ಬಂದು ಕೂತವು. ಮೂರು ಬೆರಳಿನಿಂದ ಮೇಲಿನಿಂದ ಕೆಳಗೆ ಎಳೆದ ಅರಿಸಿನ, ಅದರ ಮೇಲೆ ಕುಂಕುಮ. ನಮ್ಮ ಮನೆಯಲ್ಲಿ ಖಂಡೇನವಮಿಯ ದಿನ ಒನಕೆಗೆ, ಕೊಡಲಿಗೆ, ಇಂಜಿನ್ನು ಬಿಚ್ಚುವ ಇವರ ಪಾನಾಗಳಿಗೆ ಇಡುವ ಹಾಗೆಯೇ.

ಖಂಡೇನವಮಿಗೆ ಕೆಲಸದ ಸಾಮಾನುಗಳನ್ನೆಲ್ಲ ತೊಳೆದು ದೇವರ ಮುಂದೆ ಜೋಡಿಸಿ ಪೂಜೆ ಮಾಡುವುದು ನಮ್ಮ ಕಡೆ ಪದ್ಧತಿ. ಹಿಂದಿನ ವರ್ಷಗಳಲ್ಲಿ ನಾನು ಬುಟ್ಟಿಯನ್ನು ಹಾಗೇ ತಂದಿಟ್ಟು, ಬುಟ್ಟಿಯ ಅಂಚಿಗೆ ಕುಂಕುಮ ಹಚ್ಚಿ ಮುಗಿಸುತ್ತಿದ್ದೆ. ಈ ಸಲ ಪೂಜೆಗೆ ಜೋಡಿಸಿದ್ದು ಇವರ ಅಕ್ಕ.

ಒಳಗೆ ಹೋಗಿ ಇವರ ಎದುರಿಗೆ ಕೂತೆ.

"ನಿಮಗ ಗೊತ್ತಿತ್ತು," ಎಂದೆ.

ಕಾಲಿನ ತರಚು ಗಾಯ ಸವರಿಕೊಂಡರು. ಆಮೇಲೆ ಹೇಳಿದರು. "ಅವತ್ತು ನಡು ನೀರಿನಾಗ ಖಲಾಸಿ ಗೋಣಿಚೀಲ ತಗದ. ಸಾಹೇಬ್ರು, 'ವಾ, ಇವತ್ತು ಹಗ್ಗ ಎಷ್ಟು ಚಂದ ಇಟ್ಟೀರಿ' ಅಂದ್ರು. ತಿರುಗಿ ನೋಡಿದ್ನಿ. ಅಕ್ಕನ ಕೈಯಿ ಅಂತ ತಿಳೀತು. ಬಿಚ್ಚಿ ಮತ್ತ ತುಂಬಬೇಕಿತ್ತು. ಪೂಜಿ ಆಗಿದ್ದು, ಕುಂಕುಮ ಇನ್ನೂ ಮಾಸಿಲ್ಲ, ಅದನ್ನ ಕೆದರಾಕ ಕೈ ಬರಲಿಲ್ಲ. ಇದೊಂದು ಸಲ ಹೋದೀತು ಅಂದ್ಕೊಂಡ್ನಿ."

"ಮತ್ತ ನನಗ್ಯಾಕ ಹೇಳಲಿಲ್ಲ? ನಾ ಬಾಜೂ ಮನಿಯಾಕಿ ಜೋಡಿ ಜಗಳಾಡೂದು ನೋಡ್ಕೋತ ಕೂತಿದ್ರಿ!"

"ನಿನಗ ಹೇಳಿದ್ರ ನೀ ಅಕ್ಕಗ ಹೇಳ್ತಿದ್ದಿ. ಅವ್ವ ಸತ್ತಮ್ಯಾಲ ನನ್ನ ಸಾಕಿದಾಕಿ ಆಕಿ. ತನ್ನ ಕೈಯಿಂದ ತಮ್ಮ ಮುಳುಗತಿದ್ದ ಅಂತ ಗೊತ್ತಾದ್ರ..."

ಅಕ್ಕನ ಮನಸ್ಸು ಉಳಿಯಬೇಕು, ಸರಿ. ಹೆಂಡತಿಯ ಮೇಲೆ ಅನುಮಾನ ಇದೆ ಎಂದು ಹೆಂಡತಿ ಇಷ್ಟು ದಿನ ತಿಳಿದುಕೊಂಡು ಕೂತರೆ ಅದಕ್ಕೆ ಏನೂ ಇಲ್ಲ. ಸಿಟ್ಟು ಬಂತು. ಆದರೂ ಇವರ ಅನುಮಾನ ನನ್ನ ಮೇಲೆ ಇರಲಿಲ್ಲ ಎಂಬುದೊಂದು ಸಮಾಧಾನ. ಅದನ್ನು ದೇವರ ಲೆಕ್ಕಕ್ಕೆ ಸೇರಿಸಿದೆ.

ಮಾರನೆ ದಿನ, ಖುಲ್ತಾಬಾದಿನ ಮಾರುತಿಗೆ ಹರಕೆ ಇದೆ ಎಂದು ಹೇಳಿ ಔರಂಗಾಬಾದಿನ ಬಸ್ಸು ಹತ್ತಿದೆ. ಇವರು ನನ್ನ ಮುಖ ನೋಡಿದರು, ತಡೆಯಲಿಲ್ಲ. ಹರಕೆಯೇನೂ ಸುಳ್ಳಲ್ಲ, ಕಾಯಿ ಒಡೆಸಿಯೇ ಬಂದೆ. ಬಸ್ಸು ಯೇವಲಾದಲ್ಲಿ ನಿಂತಾಗ ಚಹಾ ಕುಡಿಯುತ್ತಾ, ಅಕ್ಕನ ಹತ್ತಿರ ಏನು ಮಾತಾಡಬೇಕು ಎಂದು ಜೋಡಿಸಿಕೊಂಡೆ. ಅಕ್ಕ ಬೇಕೆಂದೇ ಮಾಡಿರಬಹುದೇ ಎಂಬ ಕೆಟ್ಟ ಯೋಚನೆಯೂ ಬಂತು. ಎಷ್ಟೋ ಸಲ ನನ್ನ ಮನೆವಾರ್ತೆಯನ್ನು ಆಡಿಕೊಂಡವರು ಅವರು.

ಔರಂಗಾಬಾದಿನಲ್ಲಿ ಅಕ್ಕನ ಯಜಮಾನರು ನಮ್ಮ ಕಡೆಯವರಿಗಾಗಿ ಒಂದು ಖಾನಾವಳಿ ನಡೆಸುತ್ತಿದ್ದರು. ಅದರ ಹಿಂದೆಯೇ ಮನೆ. ಅಕ್ಕ ರೊಟ್ಟಿ ಬಡಿಯುತ್ತಿದ್ದರು.

"ಏನವ್ವಾ, ಹೇಳದ ಕೇಳದ ಬಂದಿ? ನನ್ನ ತಮ್ಮ ಅರಾಮ ಅದಾನಿಲ್ಲೋ?"

"ಅರಾಮ ಅದಾರ್ರಿ ಅಕ್ಕಾ. ಒಂದು ಕೇಳಬೇಕಿತ್ತು. ಖಂಡೇನವಮಿ ದಿನ ಹಗ್ಗ ಸುತ್ತಿಟ್ಟವರು ನೀವೇನ್ರಿ?"

"ಮತ್ತ ಇನ್ಯಾರು? ನೀ ಹೊರಗ ಕೂತಿದ್ದಿ. ಬುಟ್ಟ್ಯಾಗ ನೋಡಿದ್ರ ಕಸದ ಗುಂಪಿ ಹಂಗ ಬಿದ್ದಿತ್ತು. ದೇವರ ಮುಂದ ಹಂಗ ಇಡಾಕ ಆಗ್ತೈತೇನು? ಮಧ್ಯಾಹ್ನೆಲ್ಲಾ ಕೂತು ದುಂಡಗ ಸುತ್ತೇನಿ, ಶೇಷಪ್ಪ ಮಲಗಿದಂಗ. ನನ್ನ ತಮ್ಮನ ಮನಿ ಸಾಮಾನು ಒಂದಾದ್ರೂ ನೆಟ್ಟಗಿರಲಿ ಅಂತ."

ಆ ಕೊನೆಯ ಚುಚ್ಚನ್ನು ನುಂಗಿಕೊಂಡು, ದೋಣಿಗೆ ಆದದ್ದನ್ನು, ಇವರು ಹಗ್ಗ ನೋಡಿಯೂ ಮುಟ್ಟದೆ ಬಿಟ್ಟದ್ದನ್ನು ಹೇಳಿದೆ. ಜೋಡಿಸಿಕೊಂಡು ಹೋಗಿದ್ದ ಮಾತು ಯಾವುದೂ ಬೇಕಾಗಲಿಲ್ಲ. ಅಕ್ಕ ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡರು. ಹೆಂಚಿನ ಮೇಲಿನ ರೊಟ್ಟಿ ಹತ್ತಿ ಹೊಗೆಯಾಡಿದರೂ ತೆಗೆಯಲಿಲ್ಲ. ನಾನೇ ತೆಗೆದೆ. ಬೇಕೆಂದು ಮಾಡಿದವರ ಮುಖ ಹಾಗಿರುವುದಿಲ್ಲ. ಅಷ್ಟನ್ನು ನಾನು ಒಪ್ಪಿಕೊಂಡೆ.

"ಆ ಹುಚ್ಚ ನನಗ ಹೇಳಲಿಲ್ಲಲ್ಲ," ಎಂದರು. ಸೀರೆ ಬದಲಿಸಿ, ನನ್ನ ಜೊತೆಗೇ ಬಸ್ಸಿಗೆ ಬಂದರು.

ದೊಡ್ಡ ಸಾಹೇಬರು ಬಂದ ದಿನ ದಂಡೆಯ ಶೆಡ್ಡಿನ ಮುಂದೆ ಕುರ್ಚಿ ಹಾಕಿದ್ದರು. ಇವರು, ಖಲಾಸಿ, ಚಿಕ್ಕ ಸಾಹೇಬರು ನಿಂತಿದ್ದರು. ಹೆಂಗಸರಿಗೆ ಅಲ್ಲಿ ಕೆಲಸವಿಲ್ಲ. ಅಕ್ಕ ತಲೆಯ ಮೇಲೆ ಸೆರಗು ಹೊದ್ದು ಸೀದಾ ಹೋಗಿ ನಿಂತರು. ನಾನು ಬೇವಿನ ಮರದ ಹಿಂದೆ ಉಳಿದೆ. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅಕ್ಕ ಹೇಳಿದ್ದು ಎಲ್ಲರಿಗೂ ಕೇಳಿತು.

"ಸಾಹೇಬ್ರ, ಹಗ್ಗ ಸುತ್ತಿದಾಕಿ ನಾನು. ಪೂಜಿ ಮಾಡಿದ್ನಿ, ಚಂದ ಕಾಣಲಿ ಅಂತ ಸುತ್ತಿದ್ನಿ. ಇದರಾಗ ನನ್ನ ತಮ್ಮಂದು ಏನೂ ಇಲ್ಲ. ಅವ ನೋಡೇ ಇಲ್ಲ."

ದೊಡ್ಡ ಸಾಹೇಬರು ವಯಸ್ಸಾದವರು. ಕನ್ನಡಕ ತೆಗೆದು ಒರೆಸಿಕೊಂಡು ಇವರ ಕಡೆ ತಿರುಗಿದರು. "ನೀವು ನೋಡಿರಲಿಲ್ಲವೋ?" ಎಂದು ಮರಾಠಿಯಲ್ಲಿ ಕೇಳಿದರು.

ಇಲ್ಲ ಅಂದರೆ ದೋಣಿ ಉಳಿಯುತ್ತಿತ್ತು. ಅಕ್ಕ ಅದಕ್ಕೇ ಆ ಸುಳ್ಳು ಹೇಳಿದ್ದರು. ಇವರು ಇಲ್ಲ ಎನ್ನಲಿ ಎಂದು ನಾನೂ ಬೇಡಿಕೊಂಡೆ. ದೇವರ ಮುಂದೆ ಮುಚ್ಚಿಡುವುದೇನಿದೆ.

"ನೋಡಿದ್ದೆ ಸಾಹೇಬ್ರೆ," ಎಂದರು ಇವರು. "ಲಂಗರು ಇಳಿಸೋ ಮೊದಲೇ ನೋಡಿದ್ದೆ. ಪೂಜೆಯದ್ದು ಅಂತ ಮುಟ್ಟಲಿಲ್ಲ."

ಚಿಕ್ಕ ಸಾಹೇಬರು ತಲೆ ತಗ್ಗಿಸಿದರು. ಹಗ್ಗ ಚಂದ ಇದೆ ಎಂದು ಹೊಗಳಿದವರು ಅವರೇ ಅಲ್ಲವೇ! ದೊಡ್ಡ ಸಾಹೇಬರು ಎದ್ದು ಹೋಗಿ ಒಡೆದ ದೋಣಿಯ ತಳವನ್ನು ಕೋಲಿನಿಂದ ಕುಟ್ಟಿ ನೋಡಿ, ತಿರುಗಿ ಬಂದರು.

"ದೋಣಿ ರಿಪೇರಿ ಆಗೂತನಕ ಶೆಡ್ಡಿನಲ್ಲಿ ಕೆಲಸ ಮಾಡಿ. ಆಮೇಲೆ ನೀವೇ ನಡೆಸಿ. ಆದರೆ ಹಗ್ಗ ಇನ್ನು ನಿಮ್ಮ ಮನೆಗೆ ಹೋಗಬಾರದು. ಕಬ್ಬಿಣದ ಡ್ರಮ್ಮು ಕೊಡಿಸುತ್ತೇನೆ, ಇಲ್ಲೇ ಇರಲಿ."

ದೊಡ್ಡ ಮನಸ್ಸು ಮಾಡಿದರೋ, ಆ ಹಳೆಯ ಇಂಜಿನ್ನು ನಡೆಸಲು ಬೇರೆ ಜನ ಸಿಗಲಿಲ್ಲವೋ, ಇವತ್ತಿಗೂ ನನಗೆ ಅನುಮಾನವೇ. ಯಾವುದಾದರೇನು, ಸೂರು ಉಳಿಯಿತು.

ಆ ಸಂಜೆಯೇ ಖಲಾಸಿ ಬುಟ್ಟಿ ಒಯ್ಯಲು ಬಂದ. ಮುಚ್ಚುವ ಮೊದಲು ಕೊನೆಯ ಸಲ ಹಗ್ಗ ತುಂಬಿ ಕೊಟ್ಟೆ, ಮೊಳ ಮೊಳವಾಗಿ, ಅವನು ನೋಡುತ್ತಾ ನಿಂತಿದ್ದರೂ ನಾಮ ಬಿಡದೆ. ಅವನ ಹೆಂಡತಿ ಬೇಲಿಯ ಆಚೆ ನಿಂತಿದ್ದಳು.

"ಒಳಗ ಬಾ," ಎಂದೆ. "ಚಹಾ ಮಾಡ್ತೀನಿ."

"ಬ್ಯಾಡ ವಹಿನಿ. ನಾ ಬಂದು ಹೋದಮ್ಯಾಲ ನಿಮ್ಮನ್ಯಾಗ ಒಂದು ಚಮಚ ಕಾಣದಿದ್ರೂ ನನಗ ನಿದ್ದಿ ಬರೂದಿಲ್ಲ," ಎಂದಳು. ನಗುತ್ತಾ ಹೇಳಿದಳು. ಆ ನಗು ನಿಜವಾದದ್ದೋ ಅಲ್ಲವೋ ನನಗೆ ತಿಳಿಯಲಿಲ್ಲ. ಅವಳು ತನ್ನ ಮನೆಯ ಬಾಗಿಲು ಹಾಕಿಕೊಂಡ ಸದ್ದು ಮಾತ್ರ ಕೇಳಿತು.

ಒಳಗೆ ಬಂದರೆ ಅಕ್ಕ ನನ್ನ ಅಡುಗೆ ಮನೆಯ ಹಲಗೆಯ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸುತ್ತಿದ್ದರು. ಜೋಳದ ಹಿಟ್ಟು ಯಾವುದರಲ್ಲಿದೆ ಎಂದು ಅವರನ್ನೇ ಕೇಳಿ ತಗೊಂಡು, ಕುದಿಯುವ ನೀರು ಹಾಕಿ, ನಾದಲು ಕೂತೆ.